ನಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲ

ಹಾಳೆಯಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಹನ್ನೊಂದನೆಯದು: ನಿಮಗಾಗಲಿ, ನಿಮ್ಮ ಮನೆಯಲ್ಲಿ ಯಾರಿಗಾದರೂ ಆಗಲಿ ಕ್ಷಯರೋಗ ಇತ್ತೇ? ಅದರ ಮುಂದೆ ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದವಳು ನಾನೇ. ಅಪ್ಪ ಹೇಳಿದರು, ನಾನು ಹಾಕಿದೆ. ಅಂದು ಪೆನ್ನು ಹಿಡಿಯಲು ನನಗೆ ಎರಡೂ ಕೈ ಬೇಕಾಗಿದ್ದವು. ಗುರುತು ಸೊಟ್ಟಗೆ, ಚೌಕದ ಹೊರಕ್ಕೆ ಚಾಚಿಕೊಂಡು ಬಿತ್ತು.

ಕಾಯಿಲೆಯ ಬಗ್ಗೆ ಮಾತಾಡುವುದು ನನ್ನ ಸ್ವಭಾವವಲ್ಲ. ಜೊತೆಯಲ್ಲಿ ಕೆಲಸ ಮಾಡುವವರಿಗೂ ಎರಡು ವರ್ಷ ಹೇಳಿರಲಿಲ್ಲ. ಈಗ ಬರೆಯುತ್ತಿರುವುದು ಆ ಸೊಟ್ಟ ಗುರುತಿನ ಕಾರಣಕ್ಕೆ. ಇವತ್ತು ಯಾವುದೋ ಆಸ್ಪತ್ರೆಯಲ್ಲಿ ಅಂಥದೇ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಯಾರಾದರೂ ಕುಳಿತಿರಬಹುದು, ಪಕ್ಕದಲ್ಲಿ ಅವರ ಅಪ್ಪನೂ ಇರಬಹುದು.

ಮೈಸೂರಿನಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ, ಹಾಸ್ಟೆಲಿನಲ್ಲಿ ಒಂದು ಬೆಳಿಗ್ಗೆ ಬಕೆಟ್ಟಿನ ಹಿಡಿಯ ಸುತ್ತ ಬೆರಳು ಮಡಚಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸರಿಹೋಯಿತು. ಮರುದಿನವೂ ಹಾಗೆಯೇ ಆಯಿತು. ಆರು ತಿಂಗಳಲ್ಲಿ ಬೆರಳ ಗೆಣ್ಣುಗಳು ಊದಿಕೊಂಡವು, ಆಮೇಲೆ ಮಣಿಕಟ್ಟು, ಆಮೇಲೆ ಪಾದ. ಬೆಂಗಳೂರಿನ ಒಬ್ಬ ಕೀಲುರೋಗದ ವೈದ್ಯೆ ರಕ್ತಪರೀಕ್ಷೆಯ ಚೀಟಿ ನೋಡಿ ಸಂಧಿವಾತ ಅಂದರು. ಮುದುಕರಿಗೆ ಬರುವುದಲ್ಲವೇ ಎಂದು ಅಪ್ಪ ಕೇಳಿದರು. ಇದು ಬೇರೆಯದು, ವಯಸ್ಸು ನೋಡಿ ಬರುವುದಿಲ್ಲ ಎಂದರು ವೈದ್ಯೆ.

ಅರಸೀಕೆರೆಗೆ ವಾಪಸು ಬಂದು ಅಲ್ಲಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡತೊಡಗಿದೆ. ವಾರಕ್ಕೊಮ್ಮೆ ನುಂಗುವ ಮಾತ್ರೆ, ದಿನವೂ ನುಂಗುವ ಸ್ಟೀರಾಯ್ಡ್ ಮಾತ್ರೆ, ಅವೆರಡರಿಂದ ಕೆಡುವ ಹೊಟ್ಟೆಗೆ ಮೂರನೆಯ ಮಾತ್ರೆ. ಬೋರ್ಡಿನ ಮೇಲೆ ಬೆಂಜೀನಿನ ಆರು ಗೆರೆಯ ಉಂಗುರ ಬರೆದರೆ ಆರನೆಯ ಗೆರೆ ಮೊದಲನೆಯದಕ್ಕೆ ಹೋಗಿ ಸೇರುತ್ತಿರಲಿಲ್ಲ. ಮಕ್ಕಳು ನಕ್ಕರು. ಅಂದಿನಿಂದ ಚಿತ್ರಗಳನ್ನು ಮೊದಲೇ ಹಾಳೆಯ ಮೇಲೆ ಬರೆಸಿಕೊಂಡು ಹೋಗಿ ಬೋರ್ಡಿಗೆ ಅಂಟಿಸುತ್ತಿದ್ದೆ. ನಿಮ್ಮ ಶಿಸ್ತು ನೋಡಿ ಕಲೀಬೇಕು ಮೇಡಂ ಎಂದು ಪ್ರಿನ್ಸಿಪಾಲರು ಹೊಗಳಿದರು.

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಕಾಯುವ ಕೋಣೆಯೊಂದಿತ್ತು. ಅಲ್ಲಿ ನಮ್ಮಂಥವರನ್ನು ಗುರುತಿಸುವುದು ಸುಲಭ. ಕಾಫಿ ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದಿರುತ್ತಾರೆ, ಬೆರಳುಗಳನ್ನು ಉಪಯೋಗಿಸುವುದಿಲ್ಲ. ಒಮ್ಮೆ ನಾನು ನೀರಿನ ಬಾಟಲಿಯ ಮುಚ್ಚಳದ ಜೊತೆ ಒದ್ದಾಡುತ್ತಿದ್ದಾಗ ಎದುರಿನ ಹೆಂಗಸು ಎದ್ದು ಬಂದು, ಏನೂ ಕೇಳದೆ ಅದನ್ನು ಹಲ್ಲಿನಲ್ಲಿ ಕಚ್ಚಿ ತಿರುಗಿಸಿಕೊಟ್ಟರು. “ಕೈಗಿಂತ ಇದೇ ವಾಸಿ ಕಣಮ್ಮ” ಎಂದು ಹಲ್ಲು ತೋರಿಸಿದರು. ಅವರ ಕೈಯೂ ನನ್ನ ಕೈಯಂತೆಯೇ ಇತ್ತು. ಆ ವರ್ಷ ನಾನು ಮನಸಾರೆ ನಕ್ಕದ್ದು ಅಲ್ಲೇ ಇರಬೇಕು.

ಮೂರನೆಯ ವರ್ಷ ವೈದ್ಯೆ ಕ್ಷಕಿರಣದ ಚಿತ್ರವನ್ನು ದೀಪಕ್ಕೆ ಹಿಡಿದು, ಮೂಳೆಯ ಅಂಚು ಸವೆಯುತ್ತಿದೆ ಎಂದರು. ಹೊಸದೊಂದು ಔಷಧಿ ಬಂದಿದೆ, ಮೊನೊಕ್ಲೋನಲ್ ಆಂಟಿಬಾಡಿ ಅನ್ನುತ್ತಾರೆ, ಊತ ಹುಟ್ಟಿಸುವ ಒಂದೇ ಒಂದು ವಸ್ತುವನ್ನು ರಕ್ತದಲ್ಲಿ ಹುಡುಕಿ ಹಿಡಿಯುತ್ತದೆ, ಡ್ರಿಪ್ಪಿನಲ್ಲಿ ಹಾಕಬೇಕು ಎಂದರು. ಅದರ ಖರ್ಚಿನ ಮಾತು ನನ್ನ ಕಿವಿಗೆ ಬೀಳದಂತೆ ಅಪ್ಪ ನೋಡಿಕೊಂಡರು. ನಾನೂ ಇಲ್ಲಿ ಬರೆಯುವುದಿಲ್ಲ.

“ಇದನ್ನ ತಯಾರು ಮಾಡೋಕೆ ಶುರುವಿನಲ್ಲಿ ಇಲಿಯ ಜೀವಕೋಶ ಬಳಸಿರ್ತಾರೆ. ನೀವು ಸಸ್ಯಾಹಾರಿಗಳು, ಹೇಳಿರಬೇಕಲ್ಲ, ಅದಕ್ಕೆ ಹೇಳ್ತಿದೀನಿ” ಎಂದರು ವೈದ್ಯೆ. ಮನೆಗೆ ಬಂದು ಹೇಳಿದಾಗ ನನ್ನ ತಂಗಿ ವಾಣಿ, “ಇಲಿ ತಾನೇ? ಗಣಪತಿ ವಾಹನ, ಪರವಾಗಿಲ್ಲ ಬಿಡೇ. ಇನ್ಮೇಲೆ ನಮ್ಮ ಮಂಡಿ ಕೊಬ್ಬರಿ ನಿನ್ನಿಂದ ಕಾಯ್ಕೋಬೇಕಷ್ಟೆ” ಅಂದಳು. ನಮ್ಮದು ಕೊಬ್ಬರಿ ಮಂಡಿ. ಅಮ್ಮ ನಗಲಿಲ್ಲ. ಮತ್ತೊಂದು ವಿಷಯ ಅವಳ ಮನಸ್ಸಿನಲ್ಲಿತ್ತೆಂದು ನನಗಾಗ ಗೊತ್ತಿರಲಿಲ್ಲ.

ಅಂದು ಆಸ್ಪತ್ರೆಯಲ್ಲಿ ಇಲಿಯ ಮಾತಿನ ನಂತರ ವೈದ್ಯೆ ಹೇಳಿದ್ದು ಕ್ಷಯದ ಬಗ್ಗೆ. ಚಿಕ್ಕಂದಿನಲ್ಲಿ ಯಾರಿಂದಲೋ ತಗುಲಿದ ಕ್ಷಯದ ಕ್ರಿಮಿ ಎಷ್ಟೋ ಜನರ ಎದೆಯಲ್ಲಿ ಏನೂ ಮಾಡದೆ ಮಲಗಿರುತ್ತದೆ. ಅದನ್ನು ಮಲಗಿಸಿಟ್ಟ ಕಾವಲನ್ನೇ ಈ ಔಷಧಿ ಸಡಿಲಿಸುತ್ತದೆ. ಆಮೇಲೆ ಅದು ಎದ್ದರೆ ಮೈಯೆಲ್ಲ ಹರಡುತ್ತದೆ, ಹಾಗೆ ಸತ್ತವರಿದ್ದಾರೆ.

ಅಪ್ಪ ಗಮನವಿಟ್ಟು ಕೇಳಿದರು. “ಅಟ್ಟದ ಮೇಲಿನ ಕಾಯಿ ಇದ್ದಂಗೆ ಅನ್ನಿ ಮೇಡಂ. ವರ್ಷಗಟ್ಲೆ ಮಲಗಿರ್ತವೆ. ಹೊರಗಿಂದ ಎಲ್ಲಾ ಒಂದೇ ಥರ. ಒಳಗೆ ಕೊಳೆತಿರೋದು ಒಡೆದಾಗ್ಲೇ ಗೊತ್ತಾಗೋದು.”

“ಹೌದು. ಒಡೆಯೋಕೆ ಮುಂಚೆ ಕೇಳ್ತಿದೀನಿ ಅಷ್ಟೆ. ಚರ್ಮದ ಪರೀಕ್ಷೆ ಮಾಡಿಸೋಣ, ಆದ್ರೆ ಇವರು ಸ್ಟೀರಾಯ್ಡ್ ತಗೊಳ್ತಿರೋದ್ರಿಂದ ಅದನ್ನೊಂದೇ ನಂಬೋಕಾಗಲ್ಲ. ಮನೇಲಿ ಯಾರಿಗಾದ್ರೂ ಟಿ.ಬಿ. ಇತ್ತಾ?”

“ನಮ್ಮ ಮನೇಲಿ ಅಂಥದ್ದೇನೂ ಇಲ್ಲ ಮೇಡಂ.”

ಆ ಮಾತನ್ನು ನಾನು ಮೊದಲೂ ಕೇಳಿದ್ದೆ. ಎರಡು ವರ್ಷದ ಹಿಂದೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ, ಅವರಲ್ಲಿ ಒಬ್ಬರು ಮನೆಯವರ ಆರೋಗ್ಯ ಹೇಗೆ ಎಂದು ವಿಚಾರಿಸಿದರು. ಅಪ್ಪ ಇದೇ ಮಾತನ್ನು ಇದೇ ದನಿಯಲ್ಲಿ ಹೇಳಿದ್ದರು. ಊದಿದ ಕೈಗಳನ್ನು ಸೆರಗಿನ ಕೆಳಗಿಟ್ಟುಕೊಂಡು ನಾನು ಎದುರಿಗೇ ಕುಳಿತಿದ್ದೆ. ನಮ್ಮ ಕಡೆ ಇದನ್ನು ಸುಳ್ಳೆಂದು ಯಾರೂ ತಿಳಿಯುವುದಿಲ್ಲ. ಬಂದವರಿಗೆ ನೀರು ಕೊಡುವ ಹಾಗೆ, ಹೆಣ್ಣು ನೋಡಲು ಬಂದವರು ಕೇಳಿದರೆ ಮನೆಯ ಯಜಮಾನ ಹೇಳಬೇಕಾದ ಮಾತು. ಅವರೂ ಹಾಗೇ ತಿಳಿದು ತಲೆಯಾಡಿಸುತ್ತಾರೆ. ಆ ಸಂಬಂಧ ಬೇರೆ ಕಾರಣಕ್ಕೆ ಮುಂದುವರಿಯಲಿಲ್ಲ. ಆ ಮಾತು ಮಾತ್ರ ಅಪ್ಪನ ನಾಲಗೆಯ ಮೇಲೆ ಉಳಿಯಿತು.

ಚರ್ಮದ ಪರೀಕ್ಷೆಗೆ ಅರಸೀಕೆರೆಯಲ್ಲೇ ಮುಂಗೈಗೆ ಚಿಕ್ಕ ಸೂಜಿ ಚುಚ್ಚಿದರು. ಮೂರನೆಯ ದಿನ ಅಲ್ಲಿ ಗಂಟು ಎದ್ದಿದೆಯೇ ಎಂದು ಅಳೆಯಬೇಕು. ನಾನು ದಿನಕ್ಕೆ ನಾಲ್ಕು ಬಾರಿ ಸ್ಕೇಲು ಹಿಡಿದು ಅಳೆದೆ. ಏನೂ ಏಳಲಿಲ್ಲ. ಎದೆಯ ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಬೆಂಗಳೂರಿಗೆ ಫೋನು ಮಾಡಿದೆ. ಬುಧವಾರ ಬನ್ನಿ ಎಂದರು.

ಆ ವಾರ ಅಮ್ಮ ವಿಚಿತ್ರವಾಗಿ ನಡೆದುಕೊಂಡಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಳ್ಳದೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು.

“ಆ ಔಷಧಿ ಮೈಯೊಳಕ್ಕೆ ಹೋದ್ಮೇಲೆ ವಾಪಸ್ ತೆಗೆಯೋಕಾಗುತ್ತೇನೇ?”

“ಇಲ್ಲ. ಎರಡು ತಿಂಗಳು ಒಳಗೇ ಇರುತ್ತೆ.”

“ಅಷ್ಟು ದಿನಾನಾ?”

“ಯಾಕೆ?”

“ಸುಮ್ನೆ ಕೇಳ್ದೆ.”

ಅವಳು ಹಾಗೇ ನಿಂತಿದ್ದಳು. ನಾನು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ, ತಲೆಯೆತ್ತಲಿಲ್ಲ. ನಮ್ಮಿಬ್ಬರ ಮಾತು ಯಾವಾಗಲೂ ಇಷ್ಟೇ ಇರುತ್ತಿತ್ತು.

ಅದೇ ಭಾನುವಾರ ವಾಣಿಯನ್ನು ನೋಡಲು ಬೇಲೂರಿನಿಂದ ಗಂಡಿನ ಕಡೆಯವರು ಬರುವುದಿತ್ತು. ಹುಡುಗ ಹೈಸ್ಕೂಲು ಮೇಷ್ಟ್ರು. ಮದುವೆ ಮನೆಯೊಂದರಲ್ಲಿ ವಾಣಿಯನ್ನು ನೋಡಿ ಅವರೇ ಕೇಳಿ ಕಳಿಸಿದ್ದರು. ಮನೆಯಲ್ಲಿ ಎಲ್ಲರ ಗಮನ ಅತ್ತ ಇತ್ತು. ಆದರೂ ಅಮ್ಮ, ಬುಧವಾರ ನಾನೂ ಆಸ್ಪತ್ರೆಗೆ ಬರ್ತೀನಿ ಎಂದು ಹಟ ಹಿಡಿದಳು. ಮೂರು ವರ್ಷದಲ್ಲಿ ಒಮ್ಮೆಯೂ ಬಂದವಳಲ್ಲ. ಆಸ್ಪತ್ರೆಯ ವಾಸನೆ ತನಗಾಗದು ಎನ್ನುತ್ತಿದ್ದಳು.

ಬೆಳಗಿನ ರೈಲಿನಲ್ಲಿ ಹೋದೆವು. ಆಸ್ಪತ್ರೆಯಲ್ಲಿ ತೂಕ ನೋಡಿದರು, ರಕ್ತದೊತ್ತಡ ನೋಡಿದರು, ಒರಗುವ ಕುರ್ಚಿಯಲ್ಲಿ ಕೂರಿಸಿ ಎಡಗೈಗೆ ಸೂಜಿ ಸೇರಿಸಿ ಅಂಟುಪಟ್ಟಿ ಹಾಕಿದರು. ನರ್ಸ್ ಪುಟ್ಟ ಸೀಸೆಗಳನ್ನು ಫ್ರಿಜ್ಜಿನಿಂದ ತಂದು ತಟ್ಟೆಯಲ್ಲಿಟ್ಟರು. ಒಳಗೆ ಬಿಳಿಯ ಪುಡಿ ಗಟ್ಟಿಯಾಗಿ ತಳಕ್ಕೆ ಕೂತಿತ್ತು. ಮೂರು ವರ್ಷದ ನೋವಿಗೆ ಉತ್ತರ ಅಷ್ಟೇ ಪುಡಿಯಲ್ಲಿದೆ ಎಂದು ನಾನು ಅದನ್ನೇ ನೋಡುತ್ತಿದ್ದೆ.

“ಒಂದ್ಸಲ ಕಲಸಿದ್ರೆ ಮತ್ತೆ ಇಡೋಕಾಗಲ್ಲ. ಅದಕ್ಕೆ ಇನ್ನೊಂದ್ಸಲ ಎಲ್ಲಾ ಕೇಳಿಬಿಡ್ತೀನಿ” ಎಂದು ನರ್ಸ್ ನಾನು ಗುರುತು ಹಾಕಿ ಕೊಟ್ಟಿದ್ದ ಹಾಳೆ ಕೈಗೆತ್ತಿಕೊಂಡರು. ಜ್ವರ ಇದೆಯಾ? ಇಲ್ಲ. ಹಲ್ಲು ಕೀಳಿಸಿದ್ದೀರಾ? ಇಲ್ಲ. ಗರ್ಭಿಣಿಯಾ? ಇಲ್ಲ. “ಮನೇಲಿ ಯಾರಿಗಾದ್ರೂ ಟಿ.ಬಿ.?”

“ನಮ್ಮ ಮನೇಲಿ ಅಂಥದ್ದೇನೂ ಇಲ್ಲಮ್ಮ” ಎಂದರು ಅಪ್ಪ.

“ಇತ್ತು” ಅಂದಳು ಅಮ್ಮ.

ನರ್ಸ್ ತಿರುಗಿದರು. ಅಮ್ಮ ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡು ಕೂತಿದ್ದಳು.

“ನಂಗೇ ಇತ್ತು.”

“ಏಯ್, ಸುಮ್ನಿರು ಅತ್ಲಾಗೆ” ಎಂದರು ಅಪ್ಪ. ನಂತರ ನರ್ಸ್ ಕಡೆ ನೋಡಿ ನಗಲು ಪ್ರಯತ್ನಿಸಿದರು. “ಅದು ಸಿಪ್ಪೆ ಧೂಳಿನ ಕೆಮ್ಮು ಸಿಸ್ಟರ್. ಕಾಯಿ ಸುಲಿಯೋ ಕಡೆ ಎಲ್ಲಾರ್ಗೂ ಬರುತ್ತೆ. ನಮ್ಮ ಕಸುಬೇ ಅದು.”

“ಧೂಳಿನ ಕೆಮ್ಮಿಗೆ ಯಾರಾದ್ರೂ ಒಂದೂವರೆ ವರ್ಷ ಸೂಜಿ ಚುಚ್ತಾರೇನ್ರೀ?”

ನರ್ಸ್ ತಟ್ಟೆಯನ್ನು ಸೀಸೆಗಳ ಸಮೇತ ಎತ್ತಿಕೊಂಡು ಹೊರಗೆ ಹೋದರು. ಎರಡು ನಿಮಿಷದಲ್ಲಿ ವೈದ್ಯೆ ಬಂದರು. ಅಪ್ಪನನ್ನು ಏನೂ ಕೇಳದೆ ಅಮ್ಮನ ಎದುರು ಇನ್ನೊಂದು ಸ್ಟೂಲು ಎಳೆದುಕೊಂಡು ಕುಳಿತರು.

“ಯಾವಾಗಮ್ಮ?”

“ಇಪ್ಪತ್ತೆರಡು ವರ್ಷ ಆಯ್ತು. ಕೆಮ್ಮಿದಾಗ ರಕ್ತ ಬಿತ್ತು. ಬಾಣಾವರದ ಹತ್ರ ನನ್ನ ತವರು, ಅಲ್ಲಿಗೆ ಕಳಿಸಿದ್ರು. ನನ್ನ ತಮ್ಮ ದಿನಾ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗಿ ಇಂಜೆಕ್ಷನ್ ಕೊಡಿಸೋನು.”

“ಆಗ ಉಮಾಗೆ ಎಷ್ಟು ವಯಸ್ಸು?”

“ನಾಕು ತುಂಬಿತ್ತು. ಕಾಯಿಲೆ ಅಂತ ಗೊತ್ತಾಗೋವರ್ಗೂ ನನ್ನ ಪಕ್ಕದಲ್ಲೇ ಮಲಗೋಳು. ನನ್ನ ತಟ್ಟೇಲೇ ಉಣ್ಣೋಳು.” ಅಮ್ಮ ನನ್ನತ್ತ ನೋಡಲಿಲ್ಲ. “ಆಮೇಲೆ ಇವಳನ್ನ ಹಳೇಬೀಡಿಗೆ ಕಳಿಸಿದ್ವಿ, ಇವರ ತಂಗಿ ಮನೆಗೆ. ವಾಣಿ ಆಗ ಎಳೆಗೂಸು, ತವರಲ್ಲಿ ನಮ್ಮಮ್ಮನ ಹತ್ರ ಮಲಗೋಳು.”

ವೈದ್ಯೆ ನನ್ನ ಕೈಯ ಅಂಟುಪಟ್ಟಿಯನ್ನು ತಾವೇ ನಿಧಾನವಾಗಿ ಬಿಡಿಸಿ ಸೂಜಿ ಹೊರಗೆಳೆದರು.

ನಿಜ ಹೇಳುತ್ತೇನೆ. ಆಗ ನನಗೆ ಮೊದಲು ಬಂದದ್ದು ಸಿಟ್ಟು. ಜೀವ ಉಳಿಯಿತು ಅನ್ನಿಸಲಿಲ್ಲ. ಫ್ರಿಜ್ಜಿಗೆ ವಾಪಸು ಹೋದ ಆ ಬಿಳಿ ಪುಡಿ ಮಾತ್ರ ಕಣ್ಣಮುಂದೆ ಇತ್ತು. ಇನ್ನರ್ಧ ಗಂಟೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಈ ಅಮ್ಮನಿಗೆ ಎಂದುಕೊಂಡೆ.

ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಲು ಕೆಳಗಿನ ಮಹಡಿಗೆ ಕಳಿಸಿದರು. ಅಲ್ಲಿ ಕಾಯುತ್ತಿದ್ದಾಗ ಹಳೇಬೀಡು ನೆನಪಾಯಿತು. ಒಂದೂವರೆ ವರ್ಷ ಅತ್ತೆಯ ಮನೆಯಲ್ಲಿದ್ದೆ. ಮೊದಲ ಅಕ್ಷರ ಕಲಿತದ್ದು ಅಲ್ಲಿ. ಅಪ್ಪ ಭಾನುವಾರದ ಬಸ್ಸಿಗೆ ಬರುತ್ತಿದ್ದರು. ಅಮ್ಮ ಬಂದದ್ದು ಒಮ್ಮೆ. ಮನೆಯೊಳಗೆ ಬರಲಿಲ್ಲ. ರಸ್ತೆಯ ಆಚೆ ಪಕ್ಕದಲ್ಲಿ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದಳು. ನಾನು ಓಡಿದೆ, ಅತ್ತೆ ಜುಟ್ಟು ಹಿಡಿದು ಎಳೆದುಕೊಂಡರು. ಅಮ್ಮ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ ಬಸ್ಸು ಹತ್ತಿದಳು. ಅವಳಿಗೆ ನಾನು ಬೇಡ ಎಂದು ಆ ದಿನ ತೀರ್ಮಾನಿಸಿದ್ದೆ. ವಾಪಸು ಅರಸೀಕೆರೆಗೆ ಬಂದ ಮೇಲೂ ಆ ತೀರ್ಮಾನವನ್ನು ಬದಲಿಸಲು ಕಾರಣ ಸಿಗಲಿಲ್ಲ. ಮಾತಾಡುವಾಗ ಅವಳು ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದಳು, ಮುದ್ದು ಮಾಡುತ್ತಿರಲಿಲ್ಲ. ಎಲ್ಲವೂ ಅದಕ್ಕೆ ಪುರಾವೆಯೇ ಆಯಿತು. ನಾನು ಯಾರಿಗೂ ಏನೂ ಹೇಳದವಳಾಗಿ ಬೆಳೆದದ್ದು ಆ ರಸ್ತೆಯಿಂದ ಎಂದೇ ತಿಳಿದಿದ್ದೆ.

ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಒಂದು ಸುಣ್ಣಗಟ್ಟಿದ ಚುಕ್ಕೆ ಕಂಡಿತು. ಎಕ್ಸ್‌ರೇಯಲ್ಲಿ ಅದು ಪಕ್ಕೆಲುಬಿನ ಹಿಂದೆ ಅಡಗಿತ್ತು. ಹಳೆಯದು, ಮಾಯ್ದದ್ದು, ಮಲಗಿರುವುದು. ವೈದ್ಯೆ ಅದನ್ನು ಪೆನ್ನಿನ ತುದಿಯಿಂದ ತೋರಿಸಿ, “ನಿಮ್ಮ ತಾಯಿ ಇವತ್ತು ಸುಮ್ಮನಿದ್ದಿದ್ರೆ…” ಎಂದು ಅಷ್ಟಕ್ಕೇ ನಿಲ್ಲಿಸಿದರು. ಕ್ಷಯದ ಮಾತ್ರೆಯೊಂದನ್ನು ಒಂಬತ್ತು ತಿಂಗಳು ದಿನವೂ ನುಂಗಬೇಕು, ಎರಡು ತಿಂಗಳಾದ ಮೇಲೆ ಹೊಸ ಔಷಧಿ ಶುರುಮಾಡಬಹುದು, ತಿಂಗಳಿಗೊಮ್ಮೆ ಪಿತ್ತಜನಕಾಂಗದ ಪರೀಕ್ಷೆ ಆಗಬೇಕು ಎಂದು ಬರೆದುಕೊಟ್ಟರು.

ವಾಪಸು ಬರುವ ರೈಲು ತಿಪಟೂರು ದಾಟಿತು.

“ಆ ಮಾತ್ರೆ ಅರಸೀಕೆರೇಲಿ ತಗೊಳೋದು ಬೇಡ” ಎಂದರು ಅಪ್ಪ. “ಹಾಸನದಿಂದ ತರ್ತೀನಿ. ಇಲ್ಲಿ ಅಂಗಡಿಯವ್ನು ಸಂಜೆಯೊಳಗೆ ಊರಿಗೆಲ್ಲಾ ಸಾರ್ತಾನೆ.”

“ತನ್ನಿ.”

“ಬೇಲೂರಿನವರು ಭಾನುವಾರ ಬರ್ತಾರೆ. ನೆಪ್ಪೈತಾ?”

“ಐತೆ.”

“ಏನಾದ್ರೂ ಬಾಯಿ ಬಿಟ್ಟೀಯಾ ಮತ್ತೆ.”

ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಇವಳು ನಾಕು ವರ್ಷದೋಳಿದ್ದಾಗ ನೀವು ಹೇಳ್ದಂಗೆ ಕೇಳ್ದೆ. ಬಾಯಿಗೆ ಬಟ್ಟೆ ಇಟ್ಕೊಂಡು ಕೇಳ್ದೆ. ವಾಣಿ ವಿಷಯಕ್ಕೆ ನಾನು ಬಾಯಿ ಬಿಡಲ್ಲ, ನೀವೇ ನೋಡ್ಕೊಳ್ಳಿ. ಅವಳ ಎದೇಲೂ ಹಿಂಗೇ ಇದ್ದು, ನಾಳೆ ಅವಳಿಗೂ ಯಾವನೋ ಡಾಕ್ಟ್ರು ಕೇಳಿದ್ರೆ, ಅವಳ ಗಂಡ ಏನು ಹೇಳ್ಬೇಕು?”

ಅಪ್ಪನ ಕೈ ಮೊಣಕಾಲ ಮೇಲಿತ್ತು. ಕೊಬ್ಬರಿ ತಟ್ಟಿ ನೋಡುವ ಹಾಗೆ ಬೆರಳುಗಳು ಸುಮ್ಮನೆ ತಟ್ಟುತ್ತಿದ್ದವು.

ಭಾನುವಾರ ಬೇಲೂರಿನಿಂದ ಮೂವರು ಬಂದರು: ಹುಡುಗ, ಅವನ ತಾಯಿ, ಸೋದರಮಾವ. ಉಪ್ಪಿಟ್ಟು, ಕಾಫಿ ಆಯಿತು. ನಾನು ಒಳಗಿನ ಕೋಣೆಯಲ್ಲಿದ್ದೆ, ಬಾಗಿಲು ಅರ್ಧ ತೆರೆದಿತ್ತು. ಸೋದರಮಾವ ವಾಡಿಕೆಯಂತೆ ಕೇಳಿದರು. “ಮತ್ತೆ ಮನೆಯವರ ಆರೋಗ್ಯ ಎಲ್ಲಾ ಚೆನ್ನಾಗಿದೆಯಲ್ರಾ?”

“ನಮ್ಮ ಮನೇಲಿ…” ಎಂದರು ಅಪ್ಪ.

ಅಲ್ಲಿಗೆ ನಿಂತಿತು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ, ಗಡಿಯಾರ ನೋಡಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಮಾತಾಡಲಿಲ್ಲ. ಆಮೇಲೆ ಅಪ್ಪ ಮಂಡಿಯಲ್ಲಿ ಮೂಟೆಯ ಗುಣ ಹೇಳುವ ದನಿಯಲ್ಲಿ, ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟರು: ಹೆಂಡತಿಗೆ ಇಪ್ಪತ್ತೆರಡು ವರ್ಷದ ಹಿಂದೆ ಕ್ಷಯ ಇತ್ತು, ಪೂರ್ತಿ ವಾಸಿಯಾಗಿದೆ. ದೊಡ್ಡ ಮಗಳಿಗೆ ಕೀಲಿನ ಕಾಯಿಲೆ, ಔಷಧಿ ನಡೀತಿದೆ. ವಾಣಿಗೆ ಇಲ್ಲೀವರೆಗೂ ಏನೂ ಇಲ್ಲ, ಬೇಕಾದರೆ ಪರೀಕ್ಷೆ ಮಾಡಿಸ್ತೀನಿ.

“ಹೇಳಿದ್ದು ಒಳ್ಳೇದಾಯ್ತು ಬಿಡಿ” ಎಂದರು ಸೋದರಮಾವ. ಹುಡುಗನ ತಾಯಿ ಬಸ್ಸಿಗೆ ಹೊತ್ತಾಯಿತು ಎಂದರು. ಹತ್ತು ದಿನದ ಮೇಲೆ, ಜಾತಕ ಕೂಡಿಬರಲಿಲ್ಲ ಎಂದು ಬೇಲೂರಿನಿಂದ ಕಾಗದ ಬಂತು.

“ಜಾತಕಾನೇ ಕೊಟ್ಟಿರ್ಲಿಲ್ವಲ್ಲ ನಾವು!” ಎಂದಳು ವಾಣಿ. ಎಲ್ಲರೂ ನಕ್ಕೆವು, ಅವಳು ನಗಲಿಲ್ಲ. ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು. ನಾಲ್ಕನೆಯ ದಿನ ನನ್ನ ಜಡೆ ಹೆಣೆಯಲು ಬಂದು (ಆ ಕೆಲಸ ಎರಡು ವರ್ಷದಿಂದ ಅವಳದೇ), “ನಿನ್ನ ಕೈ ನೆಟ್ಟಗಾಗ್ಲಿ ಅಂತ ನನ್ನ ಕೈ ಹಿಡಿಯೋನನ್ನ ಓಡಿಸಿದ್ರಲ್ಲೇ” ಎಂದು ಜಡೆಯನ್ನು ಬೇಕೆಂದೇ ಬಿಗಿಯಾಗಿ ಎಳೆದಳು. ನೋಯಿತು. ಅವಳಿಗೆ ಬೇರೆ ಕಡೆ ಮದುವೆಯಾದದ್ದು ನಂತರ, ಆದರೆ ಆ ಮೇಷ್ಟ್ರು ಅವಳಿಗೆ ಇಷ್ಟವಾಗಿದ್ದ ಎಂದು ನನಗೆ ಗೊತ್ತು. ಅದನ್ನು ನಾನು ತುಂಬಿಕೊಡಲಾಗದು.

ಎರಡು ತಿಂಗಳ ಮಾತ್ರೆಯ ನಂತರ ಮತ್ತೆ ಅದೇ ಕುರ್ಚಿ, ಅದೇ ಬಿಳಿ ಪುಡಿ. ಈ ಸಲ ಅಮ್ಮ ಪಕ್ಕದಲ್ಲಿ ಕೂತಳು. ಔಷಧಿ ಹನಿಯಲು ಶುರುವಾಗಿ ಇಪ್ಪತ್ತೈದು ನಿಮಿಷ ಏನೂ ಆಗಲಿಲ್ಲ. ಇಪ್ಪತ್ತಾರನೆಯ ನಿಮಿಷಕ್ಕೆ ಕುತ್ತಿಗೆ ತುರಿಸಿತು, ನಂತರ ಎದೆಯ ಮೇಲೆ ಯಾರೋ ಅಂಗೈ ಒತ್ತಿದ ಹಾಗಾಯಿತು, ಮೈ ನಡುಗಿತು. ಸಿಸ್ಟರ್ ಎಂದು ಕರೆಯಲು ಹೊರಟರೆ ದನಿ ಬರಲಿಲ್ಲ. ಅಮ್ಮ ಕೂಗಿದಳು. ಡ್ರಿಪ್ ನಿಲ್ಲಿಸಿದರು, ಇನ್ನೊಂದು ಇಂಜೆಕ್ಷನ್ ಕೊಟ್ಟರು, ಅರ್ಧ ಗಂಟೆ ಬಿಟ್ಟು ನಿಧಾನಕ್ಕೆ ಮತ್ತೆ ಹಚ್ಚಿದರು. ಆ ಅರ್ಧ ಗಂಟೆ ಅಮ್ಮ ನನ್ನ ಪಾದವನ್ನು ಹಿಡಿದುಕೊಂಡಿದ್ದಳು. ಕೈ ಹಿಡಿದರೆ ನೋಯುತ್ತದೆ ಎಂದು ಅವಳಿಗೆ ಗೊತ್ತಿತ್ತು, ಪಾದವೂ ನೋಯುತ್ತದೆ ಎಂದು ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಬಿಟ್ಟುಬಿಟ್ಟಾಳು ಎಂದು ಭಯವಾಯಿತು.

ಎರಡನೆಯ ಡೋಸ್ ಎರಡು ವಾರದ ಮೇಲೆ, ತೊಂದರೆಯಿಲ್ಲದೆ ಮುಗಿಯಿತು. ಅದಾದ ಒಂಬತ್ತನೆಯ ದಿನ ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಜಡೆ ಅರ್ಧ ಹೆಣೆದ ಮೇಲೆ ಗಮನಕ್ಕೆ ಬಂತು: ಜಡೆಯನ್ನು ನಾನೇ ಹೆಣೆಯುತ್ತಿದ್ದೇನೆ. ಕಾಲೇಜಿನಲ್ಲಿ ಹಾಳೆ ಅಂಟಿಸದೆ ಬೋರ್ಡಿನ ಮೇಲೆ ಉಂಗುರ ಬರೆದೆ. ಆರನೆಯ ಗೆರೆ ಹೋಗಿ ಮೊದಲನೆಯದಕ್ಕೆ ಸೇರಿತು. ಇನ್ನೊಂದು ಬರೆದೆ, ಮತ್ತೊಂದು ಬರೆದೆ. ಬೋರ್ಡು ತುಂಬಿತು. ಒಬ್ಬಳು ವಿದ್ಯಾರ್ಥಿನಿ, “ಮಿಸ್, ಇಷ್ಟೂ ಬರ್ಕೋಬೇಕಾ?” ಅಂದಳು.

ಅದರ ಮುಂದಿನ ಸೋಮವಾರ ತರಗತಿಯಲ್ಲಿ ಕೆಮ್ಮು ಬಂತು.

ಏನಾದರೂ ಕೆಮ್ಮು, ಜ್ವರ ಬಂದರೆ ಅದೇ ದಿನ ತಿಳಿಸಿ ಎಂದು ವೈದ್ಯೆ ಮೂರು ಸಲ ಹೇಳಿದ್ದರು. ಮಾತ್ರೆ ನುಂಗುತ್ತಿದ್ದರೂ ಮಲಗಿದ್ದು ಏಳುವುದಿದೆ ಎಂದಿದ್ದರು. ನನಗೆ ಎಲ್ಲವೂ ನೆನಪಿತ್ತು. ಮೂರನೆಯ ಡೋಸಿಗೆ ಎರಡೂವರೆ ವಾರ ಉಳಿದಿತ್ತು. ಕೆಮ್ಮು ಎಂದರೆ ಅದು ನಿಲ್ಲುತ್ತದೆ. ನಿಂತರೆ ಬೆರಳುಗಳು ಮತ್ತೆ ಹಿಂದಿನಂತಾಗುತ್ತವೆ. ಸೋಮವಾರ ಲವಂಗ ಬಾಯಲ್ಲಿಟ್ಟುಕೊಂಡೆ. ಮಂಗಳವಾರ ಲ್ಯಾಬಿನ ನಲ್ಲಿ ತಿರುಗಿಸಿ ಆ ಸದ್ದಿನಲ್ಲಿ ಕೆಮ್ಮಿದೆ. ಬುಧವಾರ ಮನೆಯಲ್ಲಿ ಊಟಕ್ಕೆ ಎಲ್ಲರೂ ಎದ್ದ ಮೇಲೆ ಕೂತೆ. ಗುರುವಾರ ಸ್ಟಾಫ್ ರೂಮಿನಲ್ಲಿ ಒಂದು ಕೆಮ್ಮು ತಡೆಯಲಾಗದೆ ಹೊರಬಿತ್ತು. ಪಕ್ಕದ ಮೇಜಿನ ಕನ್ನಡ ಮೇಡಂ, “ಏನ್ರೀ ಉಮಾ, ಹುಷಾರಿಲ್ವಾ?” ಎಂದು ಕೇಳಿದರು.

“ಏನಿಲ್ಲ ಮೇಡಂ, ಚಾಕ್‌ಪೀಸ್ ಧೂಳು” ಎಂದೆ.

ಹೇಳಿ ಮುಗಿಸಿದ ಮೇಲೆ ಕಿವಿಗೆ ಬಿತ್ತು. ಆಸ್ಪತ್ರೆಯಲ್ಲಿ ನರ್ಸ್ ಎದುರು ಅಪ್ಪ ನಕ್ಕ ಆ ನಗುವೇ ನನ್ನ ಮುಖದ ಮೇಲೂ ಇತ್ತು. ಅದನ್ನು ನಾನು ಕಂಡೆ ಎಂದರೆ ಸರಿಯಾಗದು, ಕೆನ್ನೆಯ ಬಿಗಿಯಲ್ಲಿ ಗೊತ್ತಾಯಿತು. ಮಧ್ಯಾಹ್ನದ ಎರಡು ತರಗತಿಗಳನ್ನು ಬೇರೆಯವರಿಗೆ ವಹಿಸಿ ಮನೆಗೆ ನಡೆದೆ.

ಅದು ಬರೀ ನೆಗಡಿಯ ಕೆಮ್ಮಾಗಿತ್ತು ಎಂದು ಈಗಲೇ ಹೇಳಿಬಿಡುತ್ತೇನೆ. ಕಾಯುವ ಕೋಣೆಗಳಲ್ಲಿ ಕೂತು ಬಂದವಳು ನಾನು, ಓದುವವರನ್ನು ಕಾಯಿಸುವುದು ನನಗೆ ಇಷ್ಟವಿಲ್ಲ. ಮೂರು ಬೆಳಗಿನ ಕಫದಲ್ಲಿ ಏನೂ ಕಾಣಲಿಲ್ಲ, ಮತ್ತೊಂದು ಸ್ಕ್ಯಾನಿನಲ್ಲಿ ಆ ಚುಕ್ಕೆ ಇದ್ದ ಹಾಗೇ ಇತ್ತು. ಮೂರನೆಯ ಡೋಸ್ ಹನ್ನೆರಡು ದಿನ ತಡವಾಗಿ ಸಿಕ್ಕಿತು. ಅದಾಗಿ ಎರಡು ವರ್ಷ. ಎಂಟು ವಾರಕ್ಕೊಮ್ಮೆ ರೈಲು ಹತ್ತುತ್ತೇನೆ. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ ಎಂದಿದ್ದಾರೆ. ಈ ಬರಹವನ್ನು ಕೈಯಲ್ಲೇ ಬರೆದಿದ್ದೇನೆ. ಆದರೆ ಆ ಗುರುವಾರ ಇದ್ಯಾವುದೂ ಗೊತ್ತಿರಲಿಲ್ಲ.

ಅಮ್ಮ ಸ್ಟೋವಿನ ಮುಂದೆ ಇದ್ದಳು.

“ಅಮ್ಮ, ಕೆಮ್ಮು ಬಂದಿದೆ.”

ಅವಳು ತಿರುಗಲಿಲ್ಲ. “ಎಷ್ಟು ದಿನದಿಂದ?”

“ನಾಲ್ಕು.”

ಸ್ಟೋವ್ ಆರಿಸಿದಳು. ಬೈಯುತ್ತಾಳೆ ಎಂದುಕೊಂಡೆ. ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು, ಮುಖ ಪಕ್ಕಕ್ಕೆ ತಿರುಗಿಸದೆ. “ನಡಿ” ಎಂದಳು.

ಬೆಂಗಳೂರಿಗೆ ಫೋನು ಮಾಡಿದಾಗ, ಮೊದಲು ಅಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆಗೆ ಹೆಸರು ಬರೆಸಿ ಎಂದರು. ಅರಸೀಕೆರೆಯಲ್ಲಿ ನಮ್ಮನ್ನು ಅರಿಯದವರು ಕಡಿಮೆ. ಸಾಲಿನಲ್ಲಿ ನಮ್ಮ ಹಿಂದೆ ಮಂಡಿಯ ಹಮಾಲರೊಬ್ಬರ ಹೆಂಡತಿ ಇದ್ದರು, ಅವರ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನ ತಾಯಿ. ಕ್ಷಯದ ಪರೀಕ್ಷೆಯ ಕಿಟಕಿ ಯಾವುದೆಂದು ಇಬ್ಬರಿಗೂ ಗೊತ್ತಿತ್ತು. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳದೆ ನೆಟ್ಟಗೆ ನಿಂತಿದ್ದಳು.

ಕಿಟಕಿಯ ಒಳಗಿದ್ದವರು ಹೆಸರು, ವಯಸ್ಸು, ಬೀದಿ ಕೇಳಿದರು. ಹೇಳಿದೆ. ಮನೆಯಲ್ಲಿ ಮೊದಲು ಯಾರಿಗಾದರೂ ಇತ್ತೇ ಎಂದರು. ಅಮ್ಮ ಬಾಯಿ ತೆರೆಯುವ ಮೊದಲೇ, “ನಮ್ಮ ತಾಯಿಗಿತ್ತು, ವಾಸಿಯಾಗಿದೆ” ಎಂದೆ. ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಹಿಂದಿನ ಪಿಸುಮಾತು ನಿಂತಿತು.

“ಕೆಮ್ಮು ಯಾವತ್ತಿನಿಂದ?”

“ಸೋಮವಾರದಿಂದ” ಎಂದೆ. “ಮನೇಲಿ ಹೇಳಿದ್ದು ಇವತ್ತು.”